ತಡವಾಗಿ ಕೊಟ್ಟ ಉತ್ತರ

ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳುತ್ತಿದ್ದ ಕಾಲದಲ್ಲಿ ಎರಡನೆಯ ಮಹಾಯುದ್ಧದ ಪಾಠ ಬರುತ್ತಿದ್ದುದು ವರ್ಷದ ಕೊನೆಗೆ. ಪರೀಕ್ಷೆ ತಲೆಯ ಮೇಲೆ, ಪಾಠ ಮುಗಿಸುವ ಅವಸರ. ಪರ್ಲ್ ಹಾರ್ಬರಿನಿಂದ ಹಿರೋಷಿಮಾಕ್ಕೆ ಒಂದೇ ನೆಗೆತ. ‘ಅಮೆರಿಕ ಅಣುಬಾಂಬು ಹಾಕಿತು, ಜಪಾನ್ ಶರಣಾಯಿತು’ ಎಂದು ಬರೆಸಿ ಪುಸ್ತಕ ಮುಚ್ಚಿಬಿಡುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ಬಾಂಬು ಇಲ್ದೇ ಇದ್ದಿದ್ರೆ ಜಪಾನ್ ಗೆಲ್ತಿತ್ತಾ?” ಎಂದು ಕೇಳಿದ. “ಗೆಲ್ತಿತ್ತೋ ಏನೋ, ಕೂತ್ಕೋ” ಎಂದೆ. ಅವನು ಕೂತ. ಪ್ರಶ್ನೆ ಮಾತ್ರ ನನ್ನೊಳಗೆ ನಿಂತೇ ಇತ್ತು. ನಿವೃತ್ತನಾದ ಮೇಲೆ ಬಿಡುವಾಗಿ ಓದಿದಾಗ ತಿಳಿಯಿತು, ನಾನು ಕೊಟ್ಟ ಉತ್ತರ ತಪ್ಪು. ಬಾಂಬು ಬೀಳುವ ಮುಂಚೆಯೇ ಜಪಾನ್ ಆ ಸಮುದ್ರಯುದ್ಧವನ್ನು ಸೋತಾಗಿತ್ತು.

ಯಾಕೆ ಸೋತಿತು ಎಂದರೆ, ಅಮೆರಿಕ ಶ್ರೀಮಂತ ದೇಶ, ಅಷ್ಟೇ ಎಂದು ಹೇಳುವವರುಂಟು. ಅದು ಸುಳ್ಳಲ್ಲ. ಜಪಾನಿನ ನೌಕಾಪಡೆಯ ದಂಡನಾಯಕ ಯಾಮಾಮೊಟೊಗೇ ಅದು ಚೆನ್ನಾಗಿ ಗೊತ್ತಿತ್ತು. ಆತ ಹಾರ್ವರ್ಡಿನಲ್ಲಿ ಓದಿದವ, ಅಮೆರಿಕದ ಕಾರ್ಖಾನೆ, ಎಣ್ಣೆಬಾವಿಗಳನ್ನು ಕಂಡುಬಂದವ. ಆರು ತಿಂಗಳೋ ವರ್ಷವೋ ಗೆಲ್ಲುತ್ತ ಹೋಗಬಲ್ಲೆ, ಆಮೇಲಿನದಕ್ಕೆ ತಾನು ಹೊಣೆಯಲ್ಲ ಎಂಬ ಅರ್ಥದ ಮಾತನ್ನು ಪ್ರಧಾನಿಗೇ ಹೇಳಿದ್ದ. ಆದ್ದರಿಂದ ಮೊದಲ ಏಟಿನಲ್ಲೇ ಎದುರಾಳಿಯ ಎದೆ ಒಡೆಯಬೇಕೆಂಬುದು ಲೆಕ್ಕಾಚಾರ. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರಿನಲ್ಲಿದ್ದ 8 ದೊಡ್ಡ ಯುದ್ಧನೌಕೆಗಳಿಗೂ ಪೆಟ್ಟು ಬಿತ್ತು. ಆದರೆ ಅಲ್ಲಿನ ಎಣ್ಣೆ ತೊಟ್ಟಿಗಳೂ ರಿಪೇರಿ ಕಟ್ಟೆಗಳೂ ಹಾಗೇ ಉಳಿದವು. ಆ ಎಂಟರಲ್ಲಿ ಆರು ಹಡಗುಗಳು ದುರಸ್ತಿಯಾಗಿ ಮತ್ತೆ ಯುದ್ಧಕ್ಕೆ ಬಂದವು.

ಆದರೂ ಸಿರಿವಂತಿಕೆಯೊಂದೇ ಉತ್ತರವೆನ್ನಲು ನನಗೆ ಮನಸ್ಸಾಗದು. 1942ರ ನಡುವಿನಲ್ಲಿ ಅಮೆರಿಕದ ಹೊಸ ದೊಡ್ಡ ವಿಮಾನವಾಹಕ ಹಡಗುಗಳು ಇನ್ನೂ ಕಡಲಿಗಿಳಿದು ಬಂದಿರಲಿಲ್ಲ. ಆಗ ನಡೆದದ್ದನ್ನು ನೋಡಿ. ಆ ವರ್ಷದ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಈಶಾನ್ಯಕ್ಕಿರುವ ಕೋರಲ್ ಸಮುದ್ರದಲ್ಲಿ ಕಾಳಗವಾಯಿತು. ಅಮೆರಿಕದ ಯಾರ್ಕ್‌ಟೌನ್ ಎಂಬ ವಿಮಾನವಾಹಕ ಬಾಂಬು ತಿಂದು ಏದುಸಿರು ಬಿಡುತ್ತ 27ರಂದು ಪರ್ಲ್ ಹಾರ್ಬರ್ ಸೇರಿತು. ರಿಪೇರಿಗೆ ಮೂರು ತಿಂಗಳು ಬೇಕೆಂಬ ಅಂದಾಜಿತ್ತು. ಮೂರು ದಿನದಲ್ಲಿ ಬೇಕು ಎಂದ ದಂಡನಾಯಕ ನಿಮಿಟ್ಜ್. ಸಾವಿರಕ್ಕೂ ಹೆಚ್ಚು ಕೆಲಸಗಾರರು ಹಗಲು ರಾತ್ರಿ ತಗಡು ಕತ್ತರಿಸಿದರು, ಬೆಸೆದರು, ಮರದ ಆಸರೆ ಕೊಟ್ಟರು. ಬೇರೊಂದು ಹಡಗಿನ ವಿಮಾನದಳಗಳನ್ನು ಹತ್ತಿಸಿಕೊಂಡು 30ರಂದು ಹಡಗು ಹೊರಟಿತು. ಅದೇ ಕಾಳಗದಲ್ಲಿದ್ದ ಜಪಾನಿನ ಜುಯಿಕಾಕು ಎಂಬ ವಿಮಾನವಾಹಕಕ್ಕೆ ಒಂದು ಬಾಂಬೂ ಬಿದ್ದಿರಲಿಲ್ಲ. ಆದರೆ ಅದರ ವಿಮಾನಗಳೂ ಹಾರಿಸುವವರೂ ಬಹಳ ಜನ ಹೋಗಿದ್ದರು. ಬೇರೆಡೆಯಿಂದ ತಂದು ತುಂಬುವ ಪದ್ಧತಿ ಅವರಲ್ಲಿರಲಿಲ್ಲ. ಗಟ್ಟಿಮುಟ್ಟಾದ ಹಡಗು ಊರಲ್ಲೇ ಉಳಿಯಿತು, ತೇಪೆ ಹಾಕಿದ ಹಡಗು ಯುದ್ಧಕ್ಕೆ ಹೋಯಿತು. ಜೂನ್ 4ರಂದು ಮಿಡ್‌ವೇ ದ್ವೀಪದ ಬಳಿ ಜಪಾನಿನ ನಾಲ್ಕು ವಿಮಾನವಾಹಕಗಳು ನಾಶವಾದುವು. ಅವುಗಳಲ್ಲೊಂದನ್ನು ಕೆಡವಿದ್ದು ಯಾರ್ಕ್‌ಟೌನಿನಿಂದ ಹಾರಿದ ವಿಮಾನಗಳೇ. ಯಾರ್ಕ್‌ಟೌನ್ ಕೂಡ ಅಲ್ಲೇ ಮುಳುಗಿತು.

ಹಡಗಿನ ಮಾತು ಹಾಗಿರಲಿ, ಮನುಷ್ಯರ ಮಾತಿಗೆ ಬರುತ್ತೇನೆ. ಯುದ್ಧದ ಆರಂಭದಲ್ಲಿ ಜಪಾನಿನ ನೌಕಾ ವಿಮಾನಚಾಲಕರು ಜಗತ್ತಿನಲ್ಲೇ ಉತ್ತಮರ ಸಾಲಿಗೆ ಸೇರಿದವರು. ಅವರನ್ನು ಸಾಯುವ ತನಕ ರಣರಂಗದಲ್ಲೇ ಇಟ್ಟರು. ಅವರು ಕಲಿತದ್ದೆಲ್ಲ ಅವರೊಂದಿಗೇ ಕಡಲ ಪಾಲಾಯಿತು. ಅಮೆರಿಕದವರು ಪಳಗಿದ ಚಾಲಕರನ್ನು ಸರದಿಯಂತೆ ಊರಿಗೆ ಕರೆಸಿ, ಹೊಸ ಹುಡುಗರಿಗೆ ಕಲಿಸಲು ಹಚ್ಚಿದರು. 1944ರ ಜೂನ್ 19ರಂದು ಫಿಲಿಪ್ಪೀನ್ ಸಮುದ್ರದಲ್ಲಿ ಎರಡೂ ಕಡೆಯವರು ಎದುರಾದಾಗ ಒಂದೇ ದಿನದಲ್ಲಿ ಜಪಾನ್ ಕಳೆದುಕೊಂಡದ್ದು 300ರ ಆಸುಪಾಸು ವಿಮಾನ, ಅಮೆರಿಕ ಕಳೆದುಕೊಂಡದ್ದು 30ರ ಆಸುಪಾಸು. ಅರೆಬರೆ ಕಲಿತ ಮಕ್ಕಳನ್ನು ಕಳಿಸಿದ್ದರು. ಒಳ್ಳೆಯ ಯೋಧನನ್ನು ಯುದ್ಧದಿಂದ ಬಿಡಿಸಿ ಮೇಷ್ಟ್ರನ್ನಾಗಿ ಮಾಡಿದ ದೇಶ ಗೆದ್ದಿತೆಂದು ಓದಿದಾಗ, ಮೇಷ್ಟ್ರಾದ ನನಗೆ ಒಳಗೊಳಗೇ ಹೆಮ್ಮೆಯೆನಿಸಿದ್ದು ನಿಜ.

ಹಾಗೆಂದು ಅಮೆರಿಕದವರು ತಪ್ಪೇ ಮಾಡಲಿಲ್ಲವೆ? ಮಾಡಿದರು. ಅವರ ಜಲಾಂತರ್ಗಾಮಿಗಳ ಟಾರ್ಪೆಡೊಗಳು ಗುರಿಯ ಕೆಳಗೆ ಹಾದುಹೋಗುತ್ತಿದ್ದವು, ತಾಗಿದರೂ ಸಿಡಿಯುತ್ತಿರಲಿಲ್ಲ. ತಯಾರಿಸಿದ ಇಲಾಖೆ ತಪ್ಪನ್ನು ಹೊಡೆದವರ ಮೇಲೇ ಹೊರಿಸಿತು. ಕಡೆಗೆ ಲಾಕ್‌ವುಡ್ ಎಂಬ ಅಧಿಕಾರಿ 1942ರಲ್ಲಿ ಆಸ್ಟ್ರೇಲಿಯಾದ ಆಲ್ಬನಿಯಲ್ಲಿ ಮೀನಿನ ಬಲೆ ಕಟ್ಟಿಸಿ, ಅದರ ಮೂಲಕ ಟಾರ್ಪೆಡೊ ಹೊಡೆಸಿದ. ಬಲೆಯಲ್ಲಿ ಬಿದ್ದ ತೂತು ಸುಮಾರು 10 ಅಡಿ ಕೆಳಗಿತ್ತು. ಮುಂದಿನ ವರ್ಷ ಹವಾಯಿಯಲ್ಲಿ ಬಂಡೆಗೆ ಹೊಡೆಸಿ ಸಿಡಿಯದ ಕಾರಣವನ್ನೂ ಹಿಡಿದರು. ಎಲ್ಲ ಸರಿಹೋಗುವಾಗ ಸುಮಾರು ಎರಡು ವರ್ಷ ಕಳೆದಿತ್ತು. ತಡವಾಯಿತು, ಆದರೆ ತಪ್ಪನ್ನು ಒಪ್ಪಿಸುವ ದಾರಿ ಅಲ್ಲಿ ಮುಚ್ಚಿರಲಿಲ್ಲ. ಜಪಾನಿನಲ್ಲಾದರೋ ಮಿಡ್‌ವೇ ಸೋಲನ್ನು ಜನರಿಂದ ಮುಚ್ಚಿಟ್ಟರು. ಗಾಯಗೊಂಡು ಮರಳಿದ ನಾವಿಕರನ್ನು ಯಾರಿಗೂ ಕಾಣದಂತೆ ಆಸ್ಪತ್ರೆಯಲ್ಲಿ ಪ್ರತ್ಯೇಕವಾಗಿಟ್ಟರು.

ಜಪಾನ್ ಯುದ್ಧಕ್ಕಿಳಿದದ್ದೇ ಬಹುಮಟ್ಟಿಗೆ ಎಣ್ಣೆಗಾಗಿ. ಬೋರ್ನಿಯೊ, ಸುಮಾತ್ರಾಗಳ ಎಣ್ಣೆಬಾವಿ ಕೈಗೆ ಬಂತು, ಎಣ್ಣೆ ಮನೆಗೆ ಬರಬೇಕಲ್ಲ! ಸರಕು ಹಡಗುಗಳ ಕಾವಲು ಅವರ ನೌಕಾಪಡೆಗೆ ಹೆಮ್ಮೆಯ ಕೆಲಸವಾಗಿ ಕಾಣಲಿಲ್ಲ. ಅದಕ್ಕೆಂದೇ ಒಂದು ದೊಡ್ಡ ವ್ಯವಸ್ಥೆ ಮಾಡಿದ್ದು 1943ರ ನವೆಂಬರಿನಲ್ಲಿ. ಮುಳುಗಿದ ಸರಕು ಹಡಗುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಜಲಾಂತರ್ಗಾಮಿಗಳ ಬಾಯಿಗೆ ಬಿದ್ದವು. ಗ್ವಾಡಲ್‌ಕೆನಾಲ್ ದ್ವೀಪದಲ್ಲಿ ಜಪಾನೀ ಸೈನಿಕರು ಗುಂಡಿಗಿಂತ ಹೆಚ್ಚಾಗಿ ಹಸಿವಿಗೆ, ಕಾಯಿಲೆಗೆ ಸತ್ತರು. ಕೊನೆಕೊನೆಗೆ ವಿಮಾನಕ್ಕೆ ಎಣ್ಣೆ ತೆಗೆಯಲೆಂದು ಊರ ಜನ, ಶಾಲೆಯ ಮಕ್ಕಳು ಪೈನ್ ಮರದ ಬೇರು ಅಗೆದರು. ಬೇರು ಅಗೆಯುವ ಆ ಮಕ್ಕಳ ಚಿತ್ರ ನನ್ನ ಕಣ್ಣಿನಿಂದ ಹೋಗುವುದಿಲ್ಲ.

ಗೆದ್ದವರು ಪುಣ್ಯವಂತರೆಂದು ನಾನು ಹೇಳುತ್ತಿಲ್ಲ. 1945ರ ಮಾರ್ಚ್‌ನಲ್ಲಿ ಟೋಕಿಯೊ ಮೇಲೆ ಒಂದೇ ರಾತ್ರಿ ಸುರಿದ ಬೆಂಕಿಯಲ್ಲಿ ಸತ್ತವರು ಸುಮಾರು ಒಂದು ಲಕ್ಷ. ಸೋತವರಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ, ಹಾಗೆಯೇ ಗೆದ್ದವರಲ್ಲೂ. ವರ್ಷಗಟ್ಟಲೆ ನಡೆಯುವ ಕಡಲ ಯುದ್ಧದಲ್ಲಿ ಎರಡೂ ಕಡೆಯವರು ಹಡಗು ಕಳೆದುಕೊಳ್ಳುತ್ತಾರೆ, ಜನರನ್ನು ಕಳೆದುಕೊಳ್ಳುತ್ತಾರೆ, ತಪ್ಪು ಮಾಡುತ್ತಾರೆ. ಹಡಗನ್ನು ರಿಪೇರಿ ಮಾಡಿ, ಹೊಸಬರಿಗೆ ಕಲಿಸಿ, ತಪ್ಪನ್ನು ತಿದ್ದಿಕೊಂಡವರು ಉಳಿಯುತ್ತಾರೆ.

ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು, ಅವನಿಗೂ ಮೊಮ್ಮಕ್ಕಳಿರಬಹುದು. ಅಂದು ಅವನನ್ನು ಕೂರಿಸಿದಾಗ ನಾನು ಮಾಡಿದ್ದೂ ಮಿಡ್‌ವೇ ಸೋಲು ಮುಚ್ಚಿಟ್ಟವರ ಕೆಲಸವನ್ನೇ. ನನಗೆ ಗೊತ್ತಿಲ್ಲ ಎಂಬುದನ್ನು ಕ್ಲಾಸಿನಿಂದ ಮುಚ್ಚಿಟ್ಟೆ. ಅವನು ಸಿಕ್ಕರೆ ಹೇಳಬೇಕು: ಇಲ್ಲಪ್ಪ, ಗೆಲ್ತಿರಲಿಲ್ಲ, ಅವತ್ತು ನಾನು ಹೇಳಿದ್ದು ತಪ್ಪು.