ಕೃಷಿ ವಿಶ್ವವಿದ್ಯಾಲಯಗಳ ಸಂವಹನ ವಿಭಾಗ: ಸರಸಂಬಾ ಪರಿಸರದ ಹಿನ್ನೆಲೆಯಲ್ಲಿ

ಬೋಧನೆ, ಸಂಶೋಧನೆ ಮತ್ತು ವಿಸ್ತರಣೆ ಎಂಬ ಮೂರು ಹೊಣೆಗಳ ಮೇಲೆ ರೂಪುಗೊಂಡ ಕೃಷಿ ವಿಶ್ವವಿದ್ಯಾಲಯದಲ್ಲಿ, ಪ್ರಯೋಗಶಾಲೆಯ ಮಾತನ್ನು ರೈತರ ಮಾತಾಗಿಸುವ ಕಾರ್ಯ ಸಂವಹನ ವಿಭಾಗದ್ದು. ಆ ವಿಭಾಗದ ದುಡಿಮೆಯಲ್ಲಾದ ಬದಲಾವಣೆಯನ್ನು ಅದು ತಲುಪಬೇಕಾದ ಊರಿನ ಕಡೆಯಿಂದ ಅವಲೋಕಿಸುವುದು ಉಚಿತ. ಆಳಂದ ತಾಲ್ಲೂಕಿನ ಸರಸಂಬಾ ತೊಗರಿ ಸೀಮೆಯ ಅಂಥದೊಂದು ಊರು.

1964ರಲ್ಲಿ ಅಮೆರಿಕದ ಭೂದತ್ತಿ ವಿಶ್ವವಿದ್ಯಾಲಯಗಳ ಮಾದರಿಯಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು ಆರಂಭವಾದಾಗ ಈ ಸೀಮೆಯೂ ಅದರ ವ್ಯಾಪ್ತಿಗೆ ಸೇರಿತ್ತು. ವಿಜ್ಞಾನಿಗಳ ಇಂಗ್ಲಿಷ್ ವರದಿಯನ್ನು ಕನ್ನಡಕ್ಕೆ ತಂದು, ಮೊಳೆ ಜೋಡಿಸಿ, ಕರಡು ತಿದ್ದಿ ಅಚ್ಚು ಹಾಕಿಸುವುದು ಅಂದಿನ ಕ್ರಮ. 1966ರಲ್ಲಿ ಕಲಬುರಗಿಗೆ ಆಕಾಶವಾಣಿ ಬಂದಿತು. 1975-76ರ ಉಪಗ್ರಹ ದೂರದರ್ಶನ ಪ್ರಯೋಗಕ್ಕೆ ರಾಜ್ಯದಿಂದ ಆಯ್ಕೆಯಾದದ್ದು ಕಲಬುರಗಿ, ರಾಯಚೂರು ಹಾಗೂ ವಿಜಯಪುರ ಜಿಲ್ಲೆಗಳು. ಓದುವವರಿಗೆ ಬರೆಯುತ್ತಿದ್ದ ಕೃಷಿ ಬರಹಗಾರರು ಕೇಳುವವರಿಗೂ ನೋಡುವವರಿಗೂ ಬರೆಯಬೇಕಾಯಿತು.

1986ರಲ್ಲಿ ಧಾರವಾಡದಲ್ಲಿಯೂ 2008ರಲ್ಲಿ ರಾಯಚೂರಿನಲ್ಲಿಯೂ ಪ್ರತ್ಯೇಕ ಕೃಷಿ ವಿಶ್ವವಿದ್ಯಾಲಯಗಳು ಸ್ಥಾಪನೆಗೊಂಡು, ಸಂಪಾದಕರ ಮೇಜು ಹಂತಹಂತವಾಗಿ ಈ ಹೊಲಗಳಿಗೆ ಸಮೀಪವಾಯಿತು. ಇದರಿಂದ ಭಾಷೆಯ ಪ್ರಶ್ನೆಯೂ ಮುನ್ನೆಲೆಗೆ ಬಂದಿತು. ಗ್ರಂಥಗಳ ‘ಸೊರಗು ರೋಗ’ ಇಲ್ಲಿನ ರೈತರಿಗೆ ‘ನೆಟೆ ರೋಗ’. ಹೆಸರು ಹೊಂದದಿದ್ದರೆ ಪರಿಹಾರವೂ ತಲುಪದು.

ದೂರಕ್ಕಿಂತ ಕಠಿಣವಾದ ಪರೀಕ್ಷೆ ಕಾಲದ್ದು. 1997-98ರಲ್ಲಿ ಕಾಯಿಕೊರಕವು ಈ ಭಾಗದ ತೊಗರಿಯನ್ನು ಹಾಳುಗೆಡವಿತು. ಗಿಡ ಅಲುಗಾಡಿಸಿ ಕೀಡೆಗಳನ್ನು ಬಟ್ಟೆಯ ಮೇಲೆ ಉದುರಿಸುವ ಸರಳ ಉಪಾಯವನ್ನು ಆ ವರ್ಷಗಳಲ್ಲಿ ಪ್ರಚಾರಕ್ಕೆ ತರಲಾಯಿತು. ಆದರೆ ಹೂವು ಕಾಯಿಯಾಗುವ ಕೆಲವೇ ದಿನಗಳಲ್ಲಿ ತಲುಪಬೇಕಾದ ಇಂಥ ಸಲಹೆಗೆ ಮಾಸಪತ್ರಿಕೆಯ ಗತಿ ಸಾಲದು. 2004ರಲ್ಲಿ ಕಿಸಾನ್ ಕರೆ ಕೇಂದ್ರಗಳು, ಅನಂತರ ಮೊಬೈಲ್ ಸಂದೇಶಗಳು ಬಂದು ತಿಂಗಳ ಅವಧಿಯು ಗಂಟೆಗಳಿಗೆ ಇಳಿಯಿತು. 2022-23ರಲ್ಲಿ ನೆಟೆ ರೋಗವು ಕಲಬುರಗಿ ಜಿಲ್ಲೆಯ ತೊಗರಿಯನ್ನು ವ್ಯಾಪಕವಾಗಿ ಬಾಧಿಸಿದಾಗ ಸುದ್ದಿ ಹರಡಲು ಮುದ್ರಣಕ್ಕಾಗಿ ಕಾಯಬೇಕಿರಲಿಲ್ಲ.

ಈ ವೇಗಕ್ಕೆ ತೆತ್ತ ಬೆಲೆಯನ್ನು ಗಮನಿಸಬೇಕು. ಲೇಖಕ, ಛಾಯಾಗ್ರಾಹಕ, ಪುಟವಿನ್ಯಾಸಕಾರ, ಕರಡು ತಿದ್ದುವವರಿಗೆ ಹಂಚಿಹೋಗಿದ್ದ ಕೆಲಸವನ್ನು ಗಣಕಯಂತ್ರವು ಒಬ್ಬರ ಮುಂದೆಯೇ ತಂದಿರಿಸಿತು. ಹಳೆಯ ಕ್ರಮದ ವಿಳಂಬದಲ್ಲಿ ಮರುಪರಿಶೀಲನೆಗೆ ಅವಕಾಶವಿತ್ತು. ಔಷಧಿಯ ಪ್ರಮಾಣದಲ್ಲಿ ಒಂದು ದಶಾಂಶ ಬಿಂದು ಸ್ಥಾನ ತಪ್ಪಿದರೂ ಅದರ ನಷ್ಟ ಸರಸಂಬಾದಂಥ ಊರಿನ ರೈತರದೇ. ಆದುದರಿಂದ ಇನ್ನೊಬ್ಬರು ಓದಿ ತಿದ್ದುವ ವ್ಯವಧಾನವನ್ನು ಉಳಿಸಿಕೊಳ್ಳುವುದು ಈ ವಿಭಾಗಗಳ ಸೌಕರ್ಯದ ಮಾತಷ್ಟೇ ಆಗದೆ ರೈತರ ಹಿತದ ಪ್ರಶ್ನೆಯೂ ಆಗಿದೆ.