ರಷ್ಯನ್ ಥಿಸಲ್

ಒಣಗಿದ ಬಳಿಕ ಬುಡದಲ್ಲಿ ಮುರಿದು ಗಾಳಿಗೆ ಉರುಳುತ್ತ ಬೀಜ ಚೆಲ್ಲುವ ಏಕವಾರ್ಷಿಕ ಕಳೆಗಿಡ. ವೈಜ್ಞಾನಿಕ ನಾಮ ಸಾಲ್ಸೋಲ ಟ್ರೇಗಸ್. ದಂಟು, ಪಾಲಕ್ ಸೊಪ್ಪುಗಳ ಕುಟುಂಬವಾದ ಅಮರಾಂತೇಸೀಗೆ ಸೇರಿದೆ. ಹೆಸರಲ್ಲಿ ಥಿಸಲ್ ಎಂದಿದ್ದರೂ ಸೂರ್ಯಕಾಂತಿ ಕುಟುಂಬದ ನಿಜವಾದ ಥಿಸಲ್‌ಗಳಿಗೂ ಇದಕ್ಕೂ ಸಂಬಂಧವಿಲ್ಲ. ತವರು ಯುರೇಷ್ಯ. 1870ರ ದಶಕದಲ್ಲಿ ರಷ್ಯದ ಅಗಸೆ ಬೀಜದೊಡನೆ ಬೆರೆತು ಅಮೆರಿಕದ ದಕ್ಷಿಣ ಡಕೋಟ ಪ್ರದೇಶಕ್ಕೆ ಬಂದು, ರೈಲು ಸಾಗಣೆಯ ನೆರವಿನಿಂದ ಕೆಲವೇ ದಶಕಗಳಲ್ಲಿ ಖಂಡದ ಪಶ್ಚಿಮ ಭಾಗವನ್ನೆಲ್ಲ ವ್ಯಾಪಿಸಿತು.

ರಸ್ತೆ ಬದಿ, ರೈಲು ಹಳಿಯ ಅಂಚು, ಬೀಳುಬಿಟ್ಟ ಹೊಲ, ಕಟ್ಟಡಕ್ಕಾಗಿ ಅಗೆದ ಜಾಗ ಮುಂತಾದ ಕೆದಕಿದ ನೆಲದಲ್ಲಿ ಇದು ಮೊದಲು ನೆಲೆಯೂರುತ್ತದೆ. ಹುಲ್ಲು ದಟ್ಟವಾಗಿರುವಲ್ಲಿ ವಿರಳ. ಎಳೆಯ ಗಿಡವನ್ನು ಗುರುತಿಸುವುದು ಸುಲಭವಲ್ಲ: ಎಲೆಗಳು ಮೆತ್ತಗೆ, ರಸಭರಿತವಾಗಿ, ಸೂಜಿಯಂತೆ ನೀಳವಾಗಿರುತ್ತವೆ. ಬಲಿತ ಗಿಡದಲ್ಲಿ ಹೂಬುಡದ ಎಲೆಗಳು ಗಿಡ್ಡವಾಗಿ, ಗಟ್ಟಿ ಮುಳ್ಳುತುದಿ ಪಡೆಯುತ್ತವೆ. ಕಾಂಡದುದ್ದಕ್ಕೂ ಸಾಮಾನ್ಯವಾಗಿ ಕೆಂಪು ಇಲ್ಲವೆ ನೇರಳೆ ಗೆರೆಗಳಿರುವುದು ಉತ್ತಮ ಗುರುತು. ಹೂವಿಗೆ ದಳಗಳಿಲ್ಲ, ಕಾಯಿಯ ಸುತ್ತ ತೆಳುವಾದ ರೆಕ್ಕೆಗಳಿರುತ್ತವೆ. ಹೀಗೆಯೇ ಉರುಳುವ ಇನ್ನೊಂದು ಆಗಂತುಕ ಕಳೆ ಕೋಕಿಯದ ಎಲೆ ಚಪ್ಪಟೆ, ಅದಕ್ಕೆ ಮುಳ್ಳಿಲ್ಲ.

ದೊಡ್ಡ ಗಿಡವೊಂದು ಸುಮಾರು 2,50,000 ಬೀಜ ಬಿಡಬಲ್ಲದು. ಬೀಜದೊಳಗೆ ಸುರುಳಿ ಸುತ್ತಿಕೊಂಡ ಭ್ರೂಣ ಸ್ವಲ್ಪ ತೇವ ಸಿಕ್ಕರೂ ಬಿಚ್ಚಿಕೊಂಡು ಬೇಗ ಮೊಳೆಯುತ್ತದೆ. ಆದರೆ ಮಣ್ಣಿನಲ್ಲಿ ಹೆಚ್ಚಿನ ಬೀಜಗಳು ಒಂದೆರಡು ವರ್ಷಕ್ಕಿಂತ ಹೆಚ್ಚು ಬದುಕುವುದಿಲ್ಲವಾದ್ದರಿಂದ ಬೀಜ ಕಟ್ಟುವ ಮೊದಲೇ ಕಿತ್ತರೆ ಹತೋಟಿ ಸಾಧ್ಯ. ಬೀಟ್‌ರೂಟ್, ಟೊಮೆಟೊ ಬೆಳೆಗಳ ಎಲೆ ಮುರುಟು ವೈರಸ್ ಹರಡುವ ಜಿಗಿಹುಳುವಿಗೆ ಇದು ಆಸರೆ. ಒಣಗಿದ ಗಿಡಗಳು ಬೇಲಿಗೆ ರಾಶಿಬಿದ್ದು ಬೆಂಕಿ ಹರಡಲು ಕಾರಣವಾಗುತ್ತವೆ. ಅಮೆರಿಕದಲ್ಲಿ 1930ರ ದಶಕದ ಭೀಕರ ಬರದ ವೇಳೆ ಎಳೆಯ ಗಿಡಗಳನ್ನೇ ಕೊಯ್ದು ದನಗಳಿಗೆ ಮೇವಾಗಿ ಹಾಕಿದ್ದುಂಟು.