ಒಂದು ಮರಣ ದಾಖಲೆಗೆ ನಾಲ್ಕು ಯೂರೋ

ಐರ್ಲೆಂಡಿನ ಟುವಾಮ್ ಎಂಬ ಸಣ್ಣ ಊರಿನಲ್ಲಿ ಸತ್ತ 796 ಮಕ್ಕಳ ಸುದ್ದಿಯನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಹೀಗೆಂದರೆ ಕೇಳಿದವರು ನನ್ನ ಮುಖ ನೋಡುತ್ತಾರೆ. ಸನ್ಯಾಸಿನಿಯರ ಗುಟ್ಟು ರಟ್ಟಾಯಿತು ಅಂತಲೇ ಅಲ್ಲವೇ ಪತ್ರಿಕೆಗಳೆಲ್ಲ ಬರೆದದ್ದು? ಬರೆದಿರಬಹುದು. ಆದರೆ ನಾನು ಬೆಳಗಾವಿ ಜಿಲ್ಲೆಯ ಪುರಸಭೆಯೊಂದರ ಜನನ-ಮರಣ ವಿಭಾಗದಲ್ಲಿ ನೌಕರಿ ಮಾಡಿ ನಿವೃತ್ತಳಾದವಳು. ಇಂಥ ಸುದ್ದಿ ಓದುವಾಗ ನನ್ನ ಕಣ್ಣು ಮೊದಲು ಹೋಗುವುದು ರಜಿಸ್ಟರಿನ ಕಡೆಗೆ. ಆ 796 ಕೂಸುಗಳಲ್ಲಿ ಪ್ರತಿಯೊಂದಕ್ಕೂ ಸರಕಾರಿ ದಾಖಲೆಯಲ್ಲಿ ಹೆಸರಿತ್ತು, ವಯಸ್ಸಿತ್ತು, ಸತ್ತ ತಾರೀಖಿತ್ತು, ಸಾವಿನ ಕಾರಣವೂ ಇತ್ತು. ಯಾರಾದರೂ ಶುಲ್ಕ ಕಟ್ಟಿ ಕೇಳಿದರೆ ಕೊಡಬೇಕಾದ ಕಾಗದಗಳವು. ಸಿಗದೇ ಇದ್ದದ್ದು ಒಂದೇ ಒಂದು, ಹೂತ ಜಾಗದ ದಾಖಲೆ.

ಆ ಮಕ್ಕಳು ಸತ್ತ ಮನೆಯನ್ನು ಊರವರು ಕರೆಯುತ್ತಿದ್ದದ್ದು ಬರೀ 'ಹೋಮ್' ಎಂದು. ಕಟ್ಟಡ 1840ರ ದಶಕದ್ದು, ಬಡವರನ್ನು ಕೂಡಿಹಾಕಿ ದುಡಿಸುತ್ತಿದ್ದ ಗಂಜಿಮನೆ. 1925ರಿಂದ 1961ರವರೆಗೆ ಅದನ್ನು ನಡೆಸಿದವರು ಬಾನ್ ಸೆಕೂರ್ ಪಂಗಡದ ಕ್ಯಾಥೊಲಿಕ್ ಸನ್ಯಾಸಿನಿಯರು. ಆದರೆ ಕಟ್ಟಡದ ಮಾಲೀಕತ್ವ ಗಾಲ್ವೇ ಕೌಂಟಿ ಕೌನ್ಸಿಲ್ಲಿನದು. ನಮ್ಮ ಲೆಕ್ಕದಲ್ಲಿ ಜಿಲ್ಲಾ ಪಂಚಾಯತಿ ಅನ್ನಿ. ತಾಯಿ-ಮಕ್ಕಳ ತಲೆ ಎಣಿಸಿ ಖರ್ಚಿನ ಹಣ ಕೊಡುತ್ತಿದ್ದದ್ದೂ ಅದೇ ಕೌನ್ಸಿಲ್ಲು. ಮದುವೆಯಾಗದೆ ಬಸಿರಾದ ಹುಡುಗಿಯನ್ನು ಅಪ್ಪನೋ ಊರ ಪಾದ್ರಿಯೋ ತಂದು ಬಿಡುತ್ತಿದ್ದರು. ಹೆರಿಗೆಯಾದ ಮೇಲೆ ಅವಳು ಸುಮಾರು ಒಂದು ವರ್ಷ ಸಂಬಳವಿಲ್ಲದೆ ಅಲ್ಲೇ ಬಟ್ಟೆ ಒಗೆದು, ನೆಲ ಒರೆಸಿ, ಮಕ್ಕಳನ್ನು ನೋಡಿಕೊಳ್ಳಬೇಕು. ಆಮೇಲೆ ಹೊರಗೆ. ಕೂಸು ಒಳಗೇ. ಎರಡನೇ ಸಲ ಹೀಗಾದವರನ್ನು ಮ್ಯಾಗ್ದಲೀನ್ ಲಾಂಡ್ರಿಗಳಿಗೆ ಕಳಿಸುವುದಿತ್ತು. ಅದೂ ಸನ್ಯಾಸಿನಿಯರದೇ ಆಡಳಿತ, ಅಲ್ಲೂ ಪುಕ್ಕಟೆ ದುಡಿತ. ಅಲ್ಲಿಗೆ ಹೋದವರಲ್ಲಿ ಕೆಲವರು ಅಲ್ಲೇ ಸತ್ತರು.

ಹೋಮಿನ ದೊಡ್ಡ ಮಕ್ಕಳು ಊರ ಶಾಲೆಗೆ ಬರುತ್ತಿದ್ದವು. ಉಳಿದ ಮಕ್ಕಳ ಜೊತೆ ಬೆರೆಯಬಾರದೆಂದು ತುಸು ತಡವಾಗಿ ಬಂದು, ತುಸು ಮುಂಚೆ ಹೊರಡುತ್ತಿದ್ದವು. ಅವರ ಬೂಟಿನ ಅಡಿಗೆ ಮೊಳೆ ಹೊಡೆದಿರುತ್ತಿದ್ದರಿಂದ ಸಾಲಾಗಿ ನಡೆಯುವಾಗಿನ ಸದ್ದು ಊರಿಗೆಲ್ಲ ಗೊತ್ತಿತ್ತು. ಅದೇ ಶಾಲೆಯಲ್ಲಿ ಓದಿದ ಕ್ಯಾಥರೀನ್ ಕಾರ್ಲೆಸ್ ಒಂದು ನೆನಪು ಹೇಳುತ್ತಾರೆ. ಮಿಠಾಯಿ ಸುತ್ತುವ ಬಣ್ಣದ ಕಾಗದದಲ್ಲಿ ಬರೀ ಕಲ್ಲು ಸುತ್ತಿ ಹೋಮಿನ ಹುಡುಗಿಯೊಬ್ಬಳಿಗೆ ಕೊಟ್ಟರಂತೆ. ಗೆಳತಿಯೊಬ್ಬಳು ಮಾಡಿದ ಚೇಷ್ಟೆ ನೋಡಿ ತಾವೂ ಮಾಡಿದ್ದು. ಆ ಹುಡುಗಿಗೆ ಮಿಠಾಯಿ ಸಿಗುವುದು ಎಂದೋ ಒಮ್ಮೆ ಇರಬೇಕು ಅನ್ನುವುದು ಹೊಳೆದದ್ದು ಎಷ್ಟೋ ವರ್ಷ ಕಳೆದ ಮೇಲೆ.

ಕಾರ್ಲೆಸ್ ಇತಿಹಾಸದ ಪ್ರಾಧ್ಯಾಪಕಿಯಲ್ಲ. ಒಕ್ಕಲುತನದ ಮನೆಯ ಗೃಹಿಣಿ. ಸ್ಥಳೀಯ ಇತಿಹಾಸದ ಸಂಜೆ ತರಗತಿಗೆ ಹೋಗಿ, ನಮ್ಮೂರಿನ ಹೋಮಿನ ಬಗ್ಗೆ ಒಂದು ಲೇಖನ ಬರೆಯೋಣ ಎಂದು ಹೊರಟವರು. ಅಲ್ಲಿ ಸತ್ತ ಮಕ್ಕಳ ಪಟ್ಟಿ ಬೇಕೆಂದು ಗಾಲ್ವೇಯ ನೋಂದಣಿ ಕಚೇರಿಗೆ ಕೇಳಿದರು. ಇಪ್ಪತ್ತು ಮೂವತ್ತು ಹೆಸರು ಬರಬಹುದೆಂದು ಅವರ ಎಣಿಕೆ. ಕೆಲವು ದಿನದ ಮೇಲೆ ಕಚೇರಿಯ ನೌಕರಳೊಬ್ಬಳು ಫೋನು ಮಾಡಿ, ಎಲ್ಲರದೂ ಬೇಕೇ, ನೂರಾರು ಇವೆಯಲ್ಲ ಎಂದು ಕೇಳಿದಳು. ಒಂದೊಂದು ದಾಖಲೆಗೆ ನಾಲ್ಕು ಯೂರೋ. ಕಾರ್ಲೆಸ್ ಕೈಯಿಂದ ದುಡ್ಡು ಹಾಕಿ ಒಂದೊಂದಾಗಿ ತರಿಸಿದರು. ಒಟ್ಟು 796.

ನನಗೆ ಈ ಕಥೆಯಲ್ಲಿ ಆ ಫೋನು ಮಾಡಿದ ನೌಕರಳ ಮೇಲೆ ಬಹಳ ಅಭಿಮಾನ. ನೂರಾರು ಹಳೇ ನೋಂದಣಿ ಹುಡುಕುವುದೆಂದರೆ ಏನೆಂದು ಆ ಕುರ್ಚಿಯಲ್ಲಿ ಕೂತವರಿಗೇ ಗೊತ್ತು. ಧೂಳು, ಹರಿದ ಅಂಚು, ಒಬ್ಬೊಬ್ಬ ಕಾರಕೂನನದು ಒಂದೊಂದು ಬರವಣಿಗೆ. 'ಸಿಗಲಿಲ್ಲ' ಎಂದು ಷರಾ ಹಾಕಿ ಅರ್ಜಿ ವಾಪಸು ಕಳಿಸುವುದು ಅದಕ್ಕಿಂತ ಎಷ್ಟೋ ಸಲೀಸು. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ನಮ್ಮ 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ಯಾರು ಬೇಕಾದರೂ ರಜಿಸ್ಟರ್ ಹುಡುಕಿಸಿ ಸಾವಿನ ಉತಾರ ಪಡೆಯಬಹುದು. ಆದರೆ ಆ ಉತಾರದಲ್ಲಿ ಸಾವಿನ ಕಾರಣ ತೋರಿಸುವಂತಿಲ್ಲ. ಟುವಾಮ್ ನಮ್ಮ ಕಡೆ ಇದ್ದಿದ್ದರೆ ಕಾರ್ಲೆಸ್ ಕೈಗೆ 796 ಹೆಸರು ಬರುತ್ತಿತ್ತು, ಆ ಮಕ್ಕಳು ಯಾಕೆ ಸತ್ತವೆಂಬುದು ಬರುತ್ತಿರಲಿಲ್ಲ.

ಅವರ ಕೈಗೆ ಬಂದ ಕಾರಣಗಳೋ, ದಡಾರ, ನಾಯಿಕೆಮ್ಮು, ವಾಂತಿ-ಭೇದಿ, ಸೆಳವು, ಕ್ಷಯ. ಜೊತೆಗೆ ಹುಟ್ಟಾ ಅಶಕ್ತತೆ, ಸೊರಗುವಿಕೆ. ವೈದ್ಯರಿಗೆ ಬೇರೆ ಏನೂ ಬರೆಯಲು ತೋಚದಾಗ ಆ ಕಾಲಮಿನಲ್ಲಿ ಬೀಳುವ ಶಬ್ದಗಳಿವು. ಮೂವತ್ತಾರು ವರ್ಷಕ್ಕೆ 796 ಎಂದರೆ ಹೆಚ್ಚುಕಡಿಮೆ ಹದಿನಾರು ದಿನಕ್ಕೊಂದು ಕೂಸು. ಸಾವಿನ ಸ್ಥಳದ ಕಾಲಮಿನಲ್ಲಿ ಪ್ರತಿ ಸಲವೂ ಅದೇ ಮನೆ. ರಜಿಸ್ಟರಿನ ಪುಟ ತಿರುವಿದ ಯಾವ ಕಾರಕೂನನಿಗೂ ಇದು ಕಾಣದೇ ಇರಲು ಸಾಧ್ಯವಿಲ್ಲ. ನಮ್ಮಲ್ಲಿ ಒಂದೇ ಓಣಿಯಿಂದ ಒಂದು ವಾರದಲ್ಲಿ ಮೂರು ವಾಂತಿ-ಭೇದಿಯ ಸಾವು ಬಂದರೆ ಆರೋಗ್ಯ ನಿರೀಕ್ಷಕರಿಗೆ ಫೋನು ಹೋಗುತ್ತಿತ್ತು, ನೀರಿನ ಪೈಪು ಅಗೆದು ನೋಡುತ್ತಿದ್ದರು.

ದಾಖಲೆಗಳನ್ನು ಹಿಡಿದುಕೊಂಡು ಕಾರ್ಲೆಸ್ ಸ್ಮಶಾನಗಳ ಪುಸ್ತಕ ತಡಕಿದರು. ಗಾಲ್ವೇ ಆಯಿತು, ಪಕ್ಕದ ಮೇಯೋ ಕೌಂಟಿಯೂ ಆಯಿತು. ಒಂದೆರಡು ಮಕ್ಕಳನ್ನು ಬಿಟ್ಟರೆ ಉಳಿದವರ ಹೆಸರು ಎಲ್ಲೂ ಇಲ್ಲ. ಹೋಮಿನ ಎದುರಿಗೇ, ರಸ್ತೆಯ ಆಚೆ ಬದಿಗೆ ಊರಿನ ದೊಡ್ಡ ಕ್ಯಾಥೊಲಿಕ್ ಸ್ಮಶಾನವಿತ್ತು. ಈ ಮಕ್ಕಳಿಗೆ ದೀಕ್ಷಾಸ್ನಾನವೂ ಆಗಿತ್ತು. ಅಂದರೆ ಚರ್ಚಿನ ಕಟ್ಟಳೆಯ ಪ್ರಕಾರವೇ ಪವಿತ್ರ ಭೂಮಿಯಲ್ಲಿ ಮಣ್ಣಾಗುವ ಹಕ್ಕು ಅವಕ್ಕಿತ್ತು. ಕಾರ್ಲೆಸ್ ಹಳೇ ನಕ್ಷೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರು. ಗಂಜಿಮನೆ ಕಾಲದ ನಕ್ಷೆಯಲ್ಲಿ ಕಟ್ಟಡದ ಹಿಂದೆ ಮಲಗುಂಡಿ ಎಂದು ಗುರುತಿತ್ತು. 1970ರ ದಶಕದ ನಕ್ಷೆಯಲ್ಲಿ ಅದೇ ಜಾಗದ ಮೇಲೆ ಯಾರೋ ಕೈಬರಹದಲ್ಲಿ ಸ್ಮಶಾನ ಎಂದು ಬರೆದಿದ್ದರು. ಹೋಮನ್ನು ಕೆಡವಿ ಅಲ್ಲಿ ಮನೆಗಳ ಕಾಲನಿ ಎದ್ದಿತ್ತು. 1975ರಲ್ಲಿ ಅಲ್ಲಿ ಆಡುತ್ತಿದ್ದ ಇಬ್ಬರು ಹುಡುಗರು ಸಿಮೆಂಟಿನ ಹಾಸು ಎತ್ತಿದಾಗ ಕೆಳಗೆ ಎಲುಬು ಕಂಡಿದ್ದವು. ಗಂಜಿಮನೆ ದಿನಗಳ ಬರಗಾಲದವು ಇರಬೇಕೆಂದು ದೊಡ್ಡವರು ತೀರ್ಮಾನಿಸಿದರು. ಪಾದ್ರಿ ಬಂದು ಪ್ರಾರ್ಥನೆ ಮಾಡಿದರು, ಗುಂಡಿ ಮುಚ್ಚಿತು. ಕಾಲನಿಯ ಕೆಲವರು ಮಾತ್ರ ಮೇರಿಯಮ್ಮನ ಮೂರ್ತಿ ಇಟ್ಟು ಆ ತುಂಡು ನೆಲದ ಹುಲ್ಲು ಕತ್ತರಿಸಿಕೊಂಡು ಬಂದರು.

ಕಾರ್ಲೆಸ್ ಲೇಖನ ಟುವಾಮ್‌ನ ಇತಿಹಾಸ ಸಂಘದ ಪತ್ರಿಕೆಯಲ್ಲಿ 2012ರಲ್ಲಿ ಅಚ್ಚಾಯಿತು. ಊರಾಚೆ ಯಾರೂ ಓದಲಿಲ್ಲ. 2014ರಲ್ಲಿ ದೊಡ್ಡ ಪತ್ರಿಕೆಗಳಿಗೆ ಗೊತ್ತಾಗಿ ಲೋಕವೆಲ್ಲ ಗದ್ದಲವೆದ್ದ ಮೇಲೆ ಸರಕಾರ ತನಿಖಾ ಆಯೋಗ ನೇಮಿಸಿತು. 2017ರ ಮಾರ್ಚಿನಲ್ಲಿ ಆಯೋಗ ಅಗೆದು ನೋಡಿದ್ದನ್ನು ಹೇಳಿತು. ನೆಲದಡಿ ಇಪ್ಪತ್ತು ಅಂಕಣಗಳ ರಚನೆಯೊಂದರಲ್ಲಿ ದೊಡ್ಡ ಪ್ರಮಾಣದ ಮನುಷ್ಯ ಅವಶೇಷಗಳಿವೆ, ಅವು ದಿನ ತುಂಬದ ಶಿಶುಗಳಿಂದ ಹಿಡಿದು ಎರಡು ಮೂರು ವರ್ಷದ ಮಕ್ಕಳವು.

ಹೋಮಿನ ದುಷ್ಟತನ ಒಂದೇ ಊರಿನದೆಂದು ಓದುಗರು ತಿಳಿಯಬಾರದು. 2021ರ ಜನವರಿಯಲ್ಲಿ ಬಂದ ಆಯೋಗದ ವರದಿ ನೋಡಿದ್ದು 18 ಸಂಸ್ಥೆಗಳನ್ನು. 1922ರಿಂದ 1998ರವರೆಗೆ ಅವುಗಳಲ್ಲಿ ಸುಮಾರು 56,000 ತಾಯಂದಿರು, 57,000 ಮಕ್ಕಳು ಇದ್ದರು. ಸತ್ತ ಮಕ್ಕಳು ಸುಮಾರು 9,000, ನೂರಕ್ಕೆ ಹದಿನೈದು. ಕಾರ್ಕ್ ನಗರದ ಬೆಸ್‌ಬರೋ ಹೋಮಿನಲ್ಲಿ 900ಕ್ಕೂ ಹೆಚ್ಚು ಮಕ್ಕಳು ಸತ್ತರೂ ಹೂತ ಜಾಗ ಗೊತ್ತಾದದ್ದು 64 ಮಕ್ಕಳದು ಮಾತ್ರ. 1943ರಲ್ಲಿ ಅಲ್ಲಿ ಹುಟ್ಟಿದ, ಸೇರಿದ ಮಕ್ಕಳಲ್ಲಿ ನಾಲ್ಕರಲ್ಲಿ ಮೂರು ಸತ್ತವು. ಈ ಅಂಕಿಗಳು ಆಗಿನ ಅಧಿಕಾರಿಗಳಿಗೆ ಗೊತ್ತಿದ್ದವು, ಸರಕಾರಿ ಪ್ರಕಟಣೆಗಳಲ್ಲೇ ಅಚ್ಚಾಗುತ್ತಿದ್ದವು ಎಂದು ಆಯೋಗವೂ ಒಪ್ಪಿದೆ. 1920ರ ದಶಕದಲ್ಲೇ, ಮದುವೆಯಾಚೆ ಹುಟ್ಟಿದ ಕೂಸುಗಳಲ್ಲಿ ಮೂರಕ್ಕೊಂದು ವರ್ಷ ತುಂಬುವ ಮೊದಲೇ ಸಾಯುತ್ತದೆ ಎಂದು ವರದಿ ಬರೆದಿಟ್ಟಿದ್ದರು. ಬರೆದಿಟ್ಟರು, ಕಪಾಟಿಗೆ ಸೇರಿಸಿದರು.

ಅಂಕಿಯನ್ನು ಅಂಕಿಯಾಗಿ ಬಿಡದ ಒಬ್ಬ ಅಧಿಕಾರಿ ಇದ್ದ. ಜೇಮ್ಸ್ ಡೀನಿ, ದೇಶದ ಮುಖ್ಯ ವೈದ್ಯಕೀಯ ಸಲಹೆಗಾರ. 1940ರ ದಶಕದಲ್ಲಿ ಬೆಸ್‌ಬರೋದ ಸಾವಿನ ಲೆಕ್ಕ ಮೇಜಿಗೆ ಬಂದಾಗ ಆತ ಕಾಗದಕ್ಕೆ ಸಹಿ ಹಾಕಿ ಮುಂದೆ ದೂಡಲಿಲ್ಲ, ತಾನೇ ಹೋದ. ಹೆರಿಗೆ ಕೋಣೆ ನೋಡಿದ, ಅಡುಗೆಮನೆ ನೋಡಿದ. ಎಲ್ಲ ಸ್ವಚ್ಛ, ಫಳಫಳ. ಏನೂ ಸಿಗದೆ ವಾಪಸು ಹೊರಡುವಂತಾದಾಗ ಹೊಳೆಯಿತು. ಮಕ್ಕಳ ಬಟ್ಟೆ ಬಿಚ್ಚಿಸಿದ. ಒಂದೊಂದು ಕೂಸಿನ ಮೈಮೇಲೂ ಕೀವಾದ ಹುಣ್ಣು, ಎಲ್ಲಕ್ಕೂ ಹಸಿರು ಭೇದಿ. ಕಾಣದಂತೆ ಬೆಚ್ಚಗೆ ಸುತ್ತಿ ಮಲಗಿಸಿದ್ದರು. ಡೀನಿ ಹೋಮನ್ನೇ ಮುಚ್ಚಿಸಿದ, ಅದರ ಮುಖ್ಯಸ್ಥೆಯನ್ನೂ ವೈದ್ಯಾಧಿಕಾರಿಯನ್ನೂ ಕೆಲಸದಿಂದ ತೆಗೆಸಿದ. ಬಿಷಪ್ಪರು ಪೋಪರ ರಾಯಭಾರಿಗೆ ದೂರಿತ್ತರು, ಅದು ಪ್ರಧಾನಿ ಡಿ ವೆಲೆರಾವರೆಗೂ ಹೋಯಿತು. ಡೀನಿ ಜಗ್ಗಲಿಲ್ಲ. ಸುಣ್ಣಬಣ್ಣ, ಔಷಧ, ಹೊಸ ಆಡಳಿತ ಬಂದ ಮೇಲೆ ಸಾವು ತೀರ ಕಡಿಮೆಯಾಯಿತು. ಕಾಯಿಲೆ ದೇವರ ಇಚ್ಛೆ, ಆಗಿನ ಕಾಲವೇ ಹಾಗೆ ಎಂದು ಈಗ ಸಮಾಧಾನ ಹೇಳುವವರು ಈ ಸಂಗತಿಯನ್ನು ಎದುರಿಗಿಟ್ಟುಕೊಂಡು ಹೇಳಲಿ.

ಸತ್ತವರದು ಹೀಗಾದರೆ, ಬದುಕಿದವರ ದಾಖಲೆಯ ಕಥೆ ಬೇರೆ. ಸಾವಿರಾರು ಮಕ್ಕಳನ್ನು ದತ್ತು ಕೊಟ್ಟರು. ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಅಮೆರಿಕಕ್ಕೆ ಹೋದರು. ಐರ್ಲೆಂಡಿನಲ್ಲಿ ದತ್ತಕದ ಕಾಯ್ದೆಯೇ ಬಂದದ್ದು 1952ರಲ್ಲಿ. 2018ರಲ್ಲಿ ಡಬ್ಲಿನ್ನಿನ ಸೇಂಟ್ ಪ್ಯಾಟ್ರಿಕ್ಸ್ ಗಿಲ್ಡ್ ಎಂಬ ದತ್ತು ಸಂಸ್ಥೆಯ ಕಡತಗಳಲ್ಲಿ 126 ಸುಳ್ಳು ಜನನ ನೋಂದಣಿಗಳು ಹೊರಬಿದ್ದವು. 1946ರಿಂದ 1969ರ ನಡುವಿನವು. ಸಾಕಿದವರನ್ನೇ ಹೆತ್ತವರೆಂದು ರಜಿಸ್ಟರಿನಲ್ಲಿ ಬರೆಸಿದ್ದರು. ಹೆತ್ತವಳ ಹೆಸರನ್ನು ಅಲ್ಲಿಂದ ತೆಗೆದರೆ ಆ ಮಗು ಎಷ್ಟು ಹುಡುಕಿದರೂ ದಾರಿ ಸಿಗದು. ನನ್ನ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಪಾಪವಿಲ್ಲ.

ಗಂಡಸರ ಹೆಸರು ಎಲ್ಲಿ? ಬಹುಪಾಲು ಎಲ್ಲೂ ಇಲ್ಲ. ಹುಡುಗಿಯರನ್ನು ಹೊರಗೆ ಹಾಕಿದ್ದು ಮುಖ್ಯವಾಗಿ ಆ ಮಕ್ಕಳ ತಂದೆಯರು ಮತ್ತು ಮನೆಯವರು ಎಂದು ಆಯೋಗ ಬರೆದದ್ದಕ್ಕೆ ಬದುಕುಳಿದ ತಾಯಂದಿರು ಸಿಟ್ಟಾದರು. ಮನೆಯವರ ಪಾಲು ಇರಲಿಲ್ಲ ಅಂತ ನಾನೂ ಹೇಳಲಾರೆ. ಆದರೆ ಮನೆಯವರು ಬಾಗಿಲು ಹಾಕಿಕೊಂಡಾಗ ತೆರೆದಿದ್ದ ಬಾಗಿಲು ಅದೊಂದೇ ಎಂಬಂತೆ ಮಾಡಿಟ್ಟವರು ಯಾರು? ಮದುವೆಯಾಗದ ತಾಯಿಗೆ ಸರಕಾರ ಭತ್ಯೆ ಕೊಟ್ಟದ್ದು 1973ರಲ್ಲಿ. ಕಾನೂನಿನ ಕಣ್ಣಲ್ಲಿ ಅಕ್ರಮ ಸಂತಾನ ಎಂಬ ಭೇದ ಹೋದದ್ದು 1987ರ ಕಾಯ್ದೆಯಿಂದ. ನಾವು ಹೆಚ್ಚು ಬೀಗುವುದೂ ಬೇಡ. ತಂದೆಯ ಹೆಸರು ಹೇಳದೆ ಒಂಟಿ ತಾಯಿ ಮಗುವಿನ ಜನನ ಪ್ರಮಾಣಪತ್ರ ಪಡೆಯಬಹುದು, ಅವಳ ಅಫಿಡವಿಟ್ಟೊಂದಿದ್ದರೆ ಸಾಕು ಎಂದು ನಮ್ಮ ಸುಪ್ರೀಂ ಕೋರ್ಟು ಹೇಳಿದ್ದು 2015ರ ಜುಲೈನಲ್ಲಿ. ಅದಕ್ಕೂ ಮೊದಲು ಕೌಂಟರಿನ ಮುಂದೆ ನಿಂತ ಹೆಂಗಸು 'ತಂದೆಯ ಹೆಸರು' ಎಂದು ನಾವು ಕೇಳಿದಾಗ ತಲೆ ತಗ್ಗಿಸುವುದನ್ನೂ, ಹಿಂದಿನ ಸಾಲಿನವರು ಕಿವಿ ನಿಮಿರಿಸುವುದನ್ನೂ ಬೇಕಾದಷ್ಟು ನೋಡಿದ್ದೇನೆ.

ಆಯೋಗದ ಮುಂದೆ 550 ಜನ ಬಂದು ತಮ್ಮ ಪಾಡು ಹೇಳಿಕೊಂಡಿದ್ದರು. ವರದಿ ಬರೆದಾದ ಮೇಲೆ ಆ ಧ್ವನಿಮುದ್ರಣಗಳನ್ನು ಅಳಿಸಿಬಿಟ್ಟಿದ್ದರು. ಕೂಗು ಎದ್ದ ಮೇಲೆ ಬ್ಯಾಕಪ್ಪಿನಿಂದ ಮರಳಿ ಪಡೆದರು. ಮಕ್ಕಳನ್ನು ಹೂತ ಜಾಗ ಬರೆದಿಡದ ದೇಶವೇ ತಾಯಂದಿರ ಮಾತನ್ನೂ ಅಳಿಸಲು ಹೊರಟಿತ್ತಲ್ಲ!

ಬೆಳಗಾವಿಯವರಿಗೆ ಗಾಲ್ವೇ ಎಂಬ ಹೆಸರು ಬೇರೆ ಕಾರಣಕ್ಕೆ ಗೊತ್ತು. ನಮ್ಮ ಊರಿನ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ತೀರಿಕೊಂಡದ್ದು ಗಾಲ್ವೇಯ ಆಸ್ಪತ್ರೆಯಲ್ಲಿ, ಟುವಾಮ್‌ನಿಂದ ಮೂವತ್ತೈದು ಕಿಲೋಮೀಟರಿನಷ್ಟೇ ದೂರ. ಕಾರ್ಲೆಸ್ ಲೇಖನ ಅಚ್ಚಾದದ್ದೂ ಅದೇ ವರ್ಷ. ಸವಿತಾ ಮದುವೆಯಾದವಳು, ಬೇಕೆಂದೇ ಬಸಿರಾದವಳು. ಹದಿನೇಳನೇ ವಾರದಲ್ಲಿ ಗರ್ಭ ನಿಲ್ಲುವುದಿಲ್ಲವೆಂದು ಗೊತ್ತಾದ ಮೇಲೂ ಭ್ರೂಣದ ಎದೆಬಡಿತ ಇದೆಯೆಂದು ಗರ್ಭಪಾತ ಮಾಡಲಿಲ್ಲ. ಇದು ಕ್ಯಾಥೊಲಿಕ್ ದೇಶ ಎಂದು ತಾನು ಹೇಳಿದ್ದು ನಿಜವೆಂದು ಸೂಲಗಿತ್ತಿಯೊಬ್ಬಳು ವಿಚಾರಣೆಯಲ್ಲಿ ಒಪ್ಪಿಕೊಂಡಳು. ನಂಜೇರಿ ಸವಿತಾ ಸತ್ತಳು. 2018ರ ಜನಮತಗಣನೆಯಲ್ಲಿ ಶೇಕಡಾ 66.4 ಜನ ಗರ್ಭಪಾತದ ಮೇಲಿನ ಆ ನಿಷೇಧವನ್ನು ಸಂವಿಧಾನದಿಂದ ಕಿತ್ತುಹಾಕಿದರು. ಎರಡೂ ಕಥೆಯ ಬೇರು ಒಂದೇ: ಹೆಂಗಸಿನ ಬಸಿರಿನ ಮೇಲೆ ಅವಳಿಗಿಂತ ಹೆಚ್ಚಿನ ಅಧಿಕಾರ ಬೇರೆಯವರದು.

ಟುವಾಮ್‌ನಲ್ಲಿ ಎಲುಬುಗಳನ್ನು ಹೊರತೆಗೆಯುವ ಕೆಲಸ ಕೊನೆಗೂ 2025ರ ಜುಲೈನಲ್ಲಿ ಶುರುವಾಯಿತು, ಎರಡು ವರ್ಷ ಹಿಡಿಯುತ್ತದೆಂದು ಅಂದಾಜು. ಬಂಧುಗಳ ಡಿಎನ್‌ಎ ಜೊತೆ ಹೊಂದಿಸಿ ನೋಡುತ್ತಾರೆ, ಗುರುತು ಸಿಕ್ಕವರನ್ನು ಮನೆಯವರಿಗೆ ಕೊಡುತ್ತಾರೆ. ಬದುಕಿರುವವರಿಗಾಗಿ 2024ರ ಮಾರ್ಚಿನಲ್ಲಿ ಪರಿಹಾರ ಯೋಜನೆಯೂ ಬಂತು. ಸರಕಾರದ ಅಂದಾಜಿನಂತೆ ಈ ಸಂಸ್ಥೆಗಳಲ್ಲಿದ್ದು ಈಗ ಬದುಕಿರುವವರು ಸುಮಾರು 58,000. ಅವರಲ್ಲಿ ಹಣ ಸಿಗುವುದು 34,000 ಮಂದಿಗೆ. ಮಗುವಾಗಿದ್ದಾಗ ಹೋಮಿನಲ್ಲಿ ಆರು ತಿಂಗಳಿಗಿಂತ ಕಡಿಮೆ ಇದ್ದವರಿಗೆ ಏನೂ ಇಲ್ಲ. ಆಯೋಗದ ಲೆಕ್ಕವನ್ನೇ ತೆಗೆದು ನೋಡಿದರೆ, ಟುವಾಮ್‌ನಲ್ಲಿ ಸತ್ತ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲು ಒಂದರಿಂದ ಆರು ತಿಂಗಳೊಳಗಿನವು. ಆ ಅವಧಿಯನ್ನು ಅಲ್ಲಿ ಕಳೆದು ಜೀವಂತ ಹೊರಬಂದವರಿಗೆ ತೊಂದರೆಯೇ ಆಗಿಲ್ಲ ಎಂದು ಬರೆದ ಈ ನಿಯಮವನ್ನು ಐರ್ಲೆಂಡ್ ಸರಕಾರ ರದ್ದು ಮಾಡಬೇಕು.